ಮುಂದೂಡಿದ ಹಡಗು ಪ್ರವಾಸ: ರೊಕ್ಕ, ವೋಚರ್ ಮತ್ತು ಹೊಸ ತಾರೀಖು

ಕೊರೋನಾ ಕಾಲದಲ್ಲಿ ನಿಂತುಹೋದ ಹಡಗು ಪ್ರವಾಸವನ್ನು ಮತ್ತೆ ಬುಕ್ ಮಾಡುವ ಕೆಲಸ ಹುಬ್ಬಳ್ಳಿ-ಧಾರವಾಡದ ಕುಟುಂಬಗಳಿಗೆ ಬಂದರು ಪಟ್ಟಣದವರಿಗಿಂತ ಹೆಚ್ಚು ತೊಡಕಿನದಾಗಿತ್ತು. ಹುಬ್ಬಳ್ಳಿಗೆ ಸಮುದ್ರವಿಲ್ಲ. ಇಲ್ಲಿಂದ ಹಡಗು ಹತ್ತುವವರು ಮೊದಲು ಮುಂಬೈಯನ್ನೋ ಗೋವಾವನ್ನೋ ಮುಟ್ಟಬೇಕು, ಇಲ್ಲವೇ ಬೆಂಗಳೂರು, ಮುಂಬೈ ಮಾರ್ಗವಾಗಿ ಸಿಂಗಪುರಕ್ಕೆ ಹಾರಬೇಕು. ರೈಲು ಅಥವಾ ಬಸ್ಸಿನ ಟಿಕೆಟ್, ವಿಮಾನದ ಟಿಕೆಟ್, ವೀಸಾ, ಒಂದು ರಾತ್ರಿಯ ಹೋಟೆಲ್, ಹಡಗಿನ ಕ್ಯಾಬಿನ್, ಪ್ರವಾಸ ವಿಮೆ ಇಷ್ಟೂ ಸೇರಿದರೆ ಒಂದು ಪ್ರವಾಸ. ಇವುಗಳಲ್ಲಿ ಪ್ರತಿಯೊಂದೂ ಬೇರೆ ಬೇರೆ ಸಂಸ್ಥೆಯೊಡನೆ ಮಾಡಿಕೊಂಡ ಬೇರೆ ಬೇರೆ ಕರಾರು. ಹಡಗು ರದ್ದಾಯಿತೆಂದು ವಿಮಾನದವರು ಹಣ ಕೊಡಬೇಕಿಲ್ಲ. ವಿಮಾನ ರದ್ದಾಯಿತೆಂದು ಹಡಗಿನವರು ತಾರೀಖು ಬದಲಿಸಬೇಕಿಲ್ಲ. 2020ರ ಬೇಸಿಗೆ ಸೂಟಿಗೆಂದು ಮುಂಗಡ ಕಟ್ಟಿದ್ದವರಿಗೆ ಈ ಮಾತು ಎದುರಾದದ್ದು ಎಲ್ಲವೂ ಒಟ್ಟಿಗೆ ನಿಂತ ಮೇಲೆ.

ಆ ಹೊತ್ತಿಗೆ ಹಡಗು ಪ್ರವಾಸವೆಂಬುದು ಉತ್ತರ ಕರ್ನಾಟಕದ ಮಧ್ಯಮ ವರ್ಗಕ್ಕೆ ತೀರ ಅಪರೂಪದ್ದಾಗಿ ಉಳಿದಿರಲಿಲ್ಲ. ಸಿಂಗಪುರ-ಮಲೇಷ್ಯಾ ಪ್ಯಾಕೇಜಿನಲ್ಲಿ ಎರಡು-ಮೂರು ರಾತ್ರಿ ಹಡಗಿನಲ್ಲಿ ಕಳೆಯುವುದನ್ನು ಜನ ‘ಸ್ಟಾರ್ ಕ್ರೂಸ್’ ಎಂಬ ಹೆಸರಿನಿಂದ ವರ್ಷಗಳಿಂದ ಬಲ್ಲರು. ಅಕ್ಟೋಬರ್ 2018ರಲ್ಲಿ ಮುಂಬೈ-ಗೋವಾ ನಡುವೆ ‘ಆಂಗ್ರಿಯಾ’ ಹಡಗು ಓಡತೊಡಗಿತು. ಏಪ್ರಿಲ್ 2019ರಲ್ಲಿ ಮುಂಬೈಯಿಂದ ಜಲೇಶ್ ಕ್ರೂಸಸ್ ಸಂಸ್ಥೆಯ ‘ಕರ್ಣಿಕಾ’ ಹೊರಟಿತು. ಗೋವಾದ ಮರ್ಮಗೋವಾ ಬಂದರು ಹುಬ್ಬಳ್ಳಿಯಿಂದ ರೈಲಿನಲ್ಲಿ ಸುಮಾರು ಇನ್ನೂರು ಕಿಲೋಮೀಟರ್. ಲೋಂಡಾ, ಕ್ಯಾಸಲ್‌ರಾಕ್ ದಾಟಿ ಘಾಟಿ ಇಳಿದರೆ ವಾಸ್ಕೋ. ಮುಂಬೈಗೆ ರೈಲೂ ಇದೆ, ರಾತ್ರಿ ಬಸ್ಸುಗಳೂ ಇವೆ, 2018ರ ಬಳಿಕ ವಿಮಾನ ಸಂಪರ್ಕವೂ ಹೆಚ್ಚಿತು. ಮಕ್ಕಳ ಪರೀಕ್ಷೆ ಮುಗಿದ ಮೇಲಿನ ಸೂಟಿ, ಮದುವೆಯ ಹೊಸದರಲ್ಲಿ ಒಂದು ಸುತ್ತು, ತಂದೆತಾಯಿಯ ಅರವತ್ತರ ಸಂಭ್ರಮ ಇಂಥ ನೆಪಗಳಿಗೆ ಹಡಗಿನ ಬುಕಿಂಗ್ ಆಗುತ್ತಿತ್ತು. ಹಣ ಕಟ್ಟಿದವರು ತಿಂಗಳುಗಟ್ಟಲೆ ಕೂಡಿಟ್ಟು ಕಟ್ಟಿದ್ದರು. ಮುಂದಿನ ಲೆಕ್ಕಾಚಾರಗಳೆಲ್ಲ ಮುಖ್ಯವಾಗುವುದು ಈ ಕಾರಣಕ್ಕೆ.

ಹಡಗುಗಳು ನಿಂತದ್ದು ವಿಮಾನಗಳಿಗಿಂತ ಮೊದಲು. ಫೆಬ್ರುವರಿ 2020ರಲ್ಲಿ ಜಪಾನಿನ ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗನ್ನು ತಡೆದು ನಿಲ್ಲಿಸಲಾಯಿತು. ಅದರಲ್ಲಿದ್ದ 3,711 ಮಂದಿಯಲ್ಲಿ 712 ಮಂದಿಗೆ ಸೋಂಕು ತಗುಲಿತು. ಹಡಗಿನಲ್ಲಿ 138 ಭಾರತೀಯರಿದ್ದರು. ಆರು ಮಂದಿ ಪ್ರಯಾಣಿಕರು, ಉಳಿದ 132 ಮಂದಿ ಸಿಬ್ಬಂದಿ. ಫೆಬ್ರುವರಿ 27ರಂದು ಏರ್ ಇಂಡಿಯಾ ವಿಮಾನ 119 ಭಾರತೀಯರನ್ನು ದಿಲ್ಲಿಗೆ ಕರೆತಂದಿತು. ಮಾರ್ಚ್ ಆರಂಭದಲ್ಲೇ ನವ ಮಂಗಳೂರು ಬಂದರಿಗೆ ಬರಬೇಕಿದ್ದ ಎಂಎಸ್‌ಸಿ ಲಿರಿಕಾ ಹಡಗಿಗೆ ಪ್ರವೇಶ ಸಿಗಲಿಲ್ಲ. ಮಾರ್ಚ್ 14ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಪ್ರವಾಸಿ ಹಡಗುಗಳ ಸಂಚಾರ ನಿಲ್ಲಿಸುವ ಆದೇಶ ಹೊರಡಿಸಿತು. ಮಾರ್ಚ್ 22ರ ನಂತರ ಭಾರತದಲ್ಲಿ ಪ್ರಯಾಣಿಕ ರೈಲುಗಳು ನಿಂತವು, ಅಂತರರಾಷ್ಟ್ರೀಯ ವಿಮಾನಗಳು ನಿಂತವು. 25ರಿಂದ ದೇಶದೊಳಗಿನ ವಿಮಾನಗಳೂ ನಿಂತವು, ಲಾಕ್‌ಡೌನ್ ಆರಂಭವಾಯಿತು.

ಹಡಗು ಕಂಪನಿಗಳು ಆಗ ಪ್ರಯಾಣಿಕರ ಮುಂದೆ ಇಟ್ಟ ದಾರಿಗಳು ಸ್ಥೂಲವಾಗಿ ಮೂರು. ಕಟ್ಟಿದ ಹಣವನ್ನು ಪೂರ್ತಿ ವಾಪಸ್ ಪಡೆಯುವುದು ಒಂದು. ಅದೇ ಹಣಕ್ಕೆ ಮುಂದೆ ಬಳಸಬಹುದಾದ ವೋಚರ್ ಪಡೆಯುವುದು ಇನ್ನೊಂದು. ಇದನ್ನು ಆಕರ್ಷಕವಾಗಿಸಲು ರಾಯಲ್ ಕೆರಿಬಿಯನ್‌ನಂಥ ದೊಡ್ಡ ಕಂಪನಿಗಳು ನೂರು ರೂಪಾಯಿಗೆ ನೂರ ಇಪ್ಪತ್ತೈದರ ಲೆಕ್ಕದಲ್ಲಿ ವೋಚರ್ ಕೊಟ್ಟವು. ಮೂರನೆಯದು ಅದೇ ಮಾರ್ಗದ, ಅದೇ ಬಗೆಯ ಕ್ಯಾಬಿನ್ನನ್ನು ಮುಂದಿನ ವರ್ಷದ ಅದೇ ಋತುವಿಗೆ ಹಳೆಯ ದರದಲ್ಲೇ ಸರಿಸಿಕೊಡುವುದು. ಮೇಲ್ನೋಟಕ್ಕೆ ಎರಡನೆಯದೇ ಲಾಭದ್ದೆಂದು ಕಾಣುತ್ತದೆ, ಹೆಚ್ಚು ಜನ ಆಯ್ದುಕೊಳ್ಳಲೆಂದೇ ಅದನ್ನು ಹಾಗೆ ರೂಪಿಸಲಾಗಿತ್ತು. ಆದರೆ ಇಂಥ ವೋಚರ್‌ಗಳಿಗೆ ಸಾಮಾನ್ಯವಾಗಿ ಎರಡು ಗಡುವುಗಳಿರುತ್ತವೆ: ಇಂತಿಷ್ಟರೊಳಗೆ ಬುಕ್ ಮಾಡಬೇಕು, ಇಂತಿಷ್ಟರೊಳಗೆ ಹಡಗು ಹತ್ತಿರಬೇಕು. ಬಹುಪಾಲು ವೋಚರ್‌ಗಳು ಹೆಸರಿದ್ದವರಿಗೇ ಸೀಮಿತ. ಹೆಚ್ಚುವರಿ ಇಪ್ಪತ್ತೈದು ಹೊಸ ದರದ ಮೇಲೆ ಅನ್ವಯವಾಗುತ್ತದೆಯೇ ಹೊರತು ಹಳೆಯ ದರ ಉಳಿಯುವುದಿಲ್ಲ. ದರ ಏರಿದರೆ ಆ ಹೆಚ್ಚುವರಿ ಏರಿಕೆಯಲ್ಲೇ ಕರಗಿಹೋಗುತ್ತದೆ. ಮರುವರ್ಷ ಹೋಗುವುದು ಖಂಡಿತ ಎಂದು ತಿಳಿದವರಿಗೆ ಮೂರನೆಯ ದಾರಿಯೇ ಹೆಚ್ಚು ಗಟ್ಟಿ, ಖಂಡಿತವಿಲ್ಲದವರಿಗೆ ಮೊದಲನೆಯದು.

ವೋಚರ್ ಎಂದರೇನು ಎಂಬುದನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಪ್ರಯಾಣಿಕ ಕೊಟ್ಟ ಹಣ ಕಂಪನಿಯ ಕೈಯಲ್ಲಿದೆ. ಸೇವೆ ಇನ್ನೂ ಬಂದಿಲ್ಲ. ಬರುವ ದಿನವೂ ಗೊತ್ತಿಲ್ಲ. ಅದು ಪತ್ರವಿಲ್ಲದೆ, ಒತ್ತೆಯಿಲ್ಲದೆ, ಪರಿಚಯದವರಿಗೆ ಕೊಟ್ಟ ಕೈಗಡದಂತೆ. ಕೊಟ್ಟವರ ಮನೆಯಲ್ಲಿ ಸಂಬಳ ಅರ್ಧವಾಗಿದ್ದಾಗ, ಅಂಗಡಿಯ ಬಾಗಿಲು ಮುಚ್ಚಿದ್ದಾಗ, ಆಸ್ಪತ್ರೆಯ ಬಿಲ್ಲು ಎದುರಿಗಿದ್ದಾಗ ಈ ಕೈಗಡ ಸಣ್ಣದಲ್ಲ. ಕಂಪನಿಗಳ ಕಷ್ಟ ಸುಳ್ಳೆಂದು ಹೇಳುವಂತಿಲ್ಲ. ನಿಂತ ಹಡಗಿಗೂ ಇಂಧನ ಬೇಕು, ಸಿಬ್ಬಂದಿ ಬೇಕು, ಬಂದರಿನ ಬಾಡಿಗೆ ಕಟ್ಟಬೇಕು. ಆದಾಯ ಮಾತ್ರ ಸೊನ್ನೆ. ಆದರೂ ಆ ಕಷ್ಟಕ್ಕೆ ಸಾಲ ಒದಗಿಸುವುದು ಹುಬ್ಬಳ್ಳಿಯ ಗುಮಾಸ್ತರೊಬ್ಬರ ಉಳಿತಾಯದ ಹೊಣೆಯಾಗಬಾರದಿತ್ತು. ಕಂಪನಿ ಮುಳುಗಿದರೆ ವೋಚರ್ ಹಿಡಿದವರು ಬ್ಯಾಂಕುಗಳ ಹಿಂದೆ, ಒತ್ತೆಯಿಲ್ಲದೆ ಸಾಲ ಕೊಟ್ಟವರ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಇದು ಬರೀ ಊಹೆಯ ಮಾತಾಗಿ ಉಳಿಯಲಿಲ್ಲ. ಜಲೇಶ್ ಕ್ರೂಸಸ್ 2020ರಲ್ಲೇ ಬಾಗಿಲು ಮುಚ್ಚಿತು; 1990ರಲ್ಲಿ ಕಟ್ಟಿದ್ದ ಅದರ ಏಕೈಕ ಹಡಗು ಕರ್ಣಿಕಾ ಗುಜರಾತಿನ ಅಲಂಗ್‌ನ ಒಡೆಯುವ ಅಂಗಳ ಸೇರಿತು. ‘ಸ್ಟಾರ್ ಕ್ರೂಸ್’ ಹೆಸರಿನ ಹಿಂದಿದ್ದ ಗೆಂಟಿಂಗ್ ಹಾಂಗ್‌ಕಾಂಗ್ ಸಂಸ್ಥೆ ಜನವರಿ 2022ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಅದರ ಹಡಗು ಗೆಂಟಿಂಗ್ ಡ್ರೀಮ್ ಅದೇ ವರ್ಷದ ಜೂನ್‌ನಲ್ಲಿ ಸಿಂಗಪುರದಿಂದ ಮತ್ತೆ ಹೊರಟದ್ದು ರೆಸಾರ್ಟ್ಸ್ ವರ್ಲ್ಡ್ ಕ್ರೂಸಸ್ ಎಂಬ ಬೇರೊಂದು ಸಂಸ್ಥೆಯಡಿ.

ವಿಮಾನದ ಟಿಕೆಟ್‌ಗಳ ಮಟ್ಟಿಗೆ ಭಾರತದಲ್ಲಿ ಸ್ಪಷ್ಟ ನಿಯಮವೊಂದು ಬಂತು. ಏಪ್ರಿಲ್ 16, 2020ರಂದು ನಾಗರಿಕ ವಿಮಾನಯಾನ ಸಚಿವಾಲಯ ಹೊರಡಿಸಿದ ಸೂಚನೆ ಲಾಕ್‌ಡೌನ್ ಅವಧಿಯಲ್ಲೇ ಬುಕ್ ಮಾಡಿದ್ದ ಟಿಕೆಟ್‌ಗಳಿಗೆ ಮಾತ್ರ ಪೂರ್ತಿ ಹಣ ಕೊಡಿಸುತ್ತಿತ್ತು. ಜನವರಿ, ಫೆಬ್ರುವರಿಯಲ್ಲೇ ಯೋಜನೆ ಮಾಡಿಕೊಂಡು ಟಿಕೆಟ್ ತೆಗೆಸಿದ್ದ ಕುಟುಂಬಗಳು ಅದರಿಂದ ಹೊರಗುಳಿದಿದ್ದವು. ಪ್ರವಾಸಿ ಲೀಗಲ್ ಸೆಲ್ ಎಂಬ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. ಅಕ್ಟೋಬರ್ 1, 2020ರಂದು ನ್ಯಾಯಮೂರ್ತಿ ಅಶೋಕ್ ಭೂಷಣ್, ಆರ್. ಸುಭಾಷ್ ರೆಡ್ಡಿ, ಎಂ.ಆರ್. ಶಾ ಅವರ ಪೀಠ ತೀರ್ಪು ಕೊಟ್ಟಿತು. ಲಾಕ್‌ಡೌನ್‌ಗೆ ಮುಂಚೆ ಬುಕ್ ಮಾಡಿ, ಮೇ 24, 2020ರೊಳಗೆ ಪ್ರಯಾಣಿಸಬೇಕಿದ್ದವರಿಗೆ ಹದಿನೈದು ದಿನದೊಳಗೆ ಹಣ ಕೊಡಬೇಕು. ಆರ್ಥಿಕ ಸಂಕಷ್ಟದಿಂದ ಕೊಡಲಾಗದ ವಿಮಾನ ಸಂಸ್ಥೆ ಅಷ್ಟೇ ಮೊತ್ತದ ‘ಕ್ರೆಡಿಟ್ ಶೆಲ್’ ಕೊಡಬಹುದು. ಮಾರ್ಚ್ 31, 2021ರವರೆಗೆ ಅದನ್ನು ಯಾವ ಮಾರ್ಗಕ್ಕಾದರೂ ಬಳಸಬಹುದು, ಬೇರೆಯವರ ಹೆಸರಿಗೆ ವರ್ಗಾಯಿಸಬಹುದು. ಬಳಸದೆ ಉಳಿದರೆ ಆ ತಾರೀಖಿನ ನಂತರ ನಗದು ಕೊಡಬೇಕು.

ಈ ತೀರ್ಪಿನಲ್ಲಿದ್ದ ಇನ್ನೊಂದು ಅಂಶ ಅಷ್ಟಾಗಿ ಸುದ್ದಿಯಾಗಲಿಲ್ಲ, ಆದರೆ ಅದೇ ಅದರ ಜೀವಾಳ. ಪ್ರಯಾಣಿಕನ ಹಣ ಸುಮ್ಮನೆ ಕೂರಬಾರದು ಎಂಬ ತತ್ವದ ಮೇಲೆ, ರದ್ದಾದ ದಿನದಿಂದ ಜೂನ್ 30, 2020ರವರೆಗೆ ತಿಂಗಳಿಗೆ ಶೇ 0.5ರಂತೆ, ಅಲ್ಲಿಂದ ಮಾರ್ಚ್ 2021ರವರೆಗೆ ಶೇ 0.75ರಂತೆ ಕ್ರೆಡಿಟ್ ಶೆಲ್ಲಿನ ಮೌಲ್ಯ ಏರಬೇಕು ಎಂದು ಕೋರ್ಟ್ ಒಪ್ಪಿದ ವ್ಯವಸ್ಥೆ ಹೇಳಿತು. ಏಪ್ರಿಲ್ ತಿಂಗಳಲ್ಲಿ ರದ್ದಾದ 20,000 ರೂಪಾಯಿಯ ಟಿಕೆಟ್ಟನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಮೊದಲ ಮೂರು ತಿಂಗಳಿಗೆ ಶೇ 1.5, ಮುಂದಿನ ಒಂಬತ್ತು ತಿಂಗಳಿಗೆ ಶೇ 6.75, ಒಟ್ಟು ಶೇ 8.25. ಅಂದರೆ ಕೊನೆಯವರೆಗೆ ಕಾದವರ ಕ್ರೆಡಿಟ್ ಶೆಲ್ 21,650 ರೂಪಾಯಿಯ ಬೆಲೆ ಬಾಳಬೇಕಿತ್ತು. ಹೊಸ ಟಿಕೆಟ್ ತೆಗೆಯುವಾಗ ಈ 1,650 ರೂಪಾಯಿಯನ್ನು ಲೆಕ್ಕಕ್ಕೆ ಹಿಡಿಯಲಾಗಿದೆಯೇ ಎಂದು ಕೇಳುವ ಹಕ್ಕು ಪ್ರಯಾಣಿಕನಿಗಿತ್ತು. ಈ ಆದೇಶ ವಿಮಾನ ಟಿಕೆಟ್‌ಗಳಿಗೆ ಮಾತ್ರ ಸೀಮಿತ. ಹಡಗಿನ ಕ್ಯಾಬಿನ್ನಿಗೆ ಇಂಥದೇ ರಾಷ್ಟ್ರವ್ಯಾಪಿ ಆದೇಶದ ಆಸರೆ ಇರಲಿಲ್ಲ. ಅಲ್ಲಿ ಪ್ರಯಾಣಿಕ ಕಂಪನಿಯ ಷರತ್ತುಗಳನ್ನೂ ಸಾಮಾನ್ಯ ಕರಾರು ಕಾನೂನನ್ನೂ ನಂಬಬೇಕಿತ್ತು.

ಆ ಸಾಮಾನ್ಯ ಕಾನೂನು 1872ರ ಭಾರತೀಯ ಕರಾರು ಅಧಿನಿಯಮ. ಕರಾರಾದ ಮೇಲೆ ಅದರಲ್ಲಿ ಹೇಳಿದ ಕೆಲಸ ಅಸಾಧ್ಯವಾದರೆ ಅಥವಾ ಕಾನೂನುಬಾಹಿರವಾದರೆ ಕರಾರು ತಾನಾಗಿ ಬಿದ್ದುಹೋಗುತ್ತದೆ ಎನ್ನುತ್ತದೆ 56ನೇ ಕಲಂ. ಹಾಗೆ ಬಿದ್ದುಹೋದ ಕರಾರಿನಡಿ ಯಾರಾದರೂ ಪ್ರಯೋಜನ ಪಡೆದಿದ್ದರೆ ಅದನ್ನು ಹಿಂದಿರುಗಿಸಬೇಕು ಎನ್ನುತ್ತದೆ 65ನೇ ಕಲಂ. ಬುಕಿಂಗ್ ಪತ್ರದಲ್ಲೇ ಸಾಂಕ್ರಾಮಿಕ ರೋಗ, ಸರ್ಕಾರಿ ಆದೇಶಗಳಂಥ ಸಂದರ್ಭಗಳಿಗೆ ಪ್ರತ್ಯೇಕ ಷರತ್ತು ಬರೆದಿದ್ದರೆ ಮೊದಲು ನೋಡುವುದು ಅದನ್ನೇ. ಹೀಗಾಗಿ ಮರುಬುಕಿಂಗ್‌ಗೆ ಮುನ್ನ ಪ್ರಯಾಣಿಕ ಗಮನಿಸಬೇಕಿದ್ದ ದೊಡ್ಡ ಭೇದವೊಂದಿತ್ತು. ಹಡಗನ್ನು ಕಂಪನಿಯೇ ರದ್ದು ಮಾಡಿದರೆ ಹಣ ಕೇಳುವ ದಾರಿ ತೆರೆದಿರುತ್ತದೆ. ಹಡಗು ಹೊರಡುವುದಿದ್ದು, ಭಯದಿಂದ ಪ್ರಯಾಣಿಕನೇ ರದ್ದು ಮಾಡಿದರೆ ಮಾಮೂಲಿ ಕಡಿತ ಅನ್ವಯವಾಗುತ್ತದೆ. ಆತುರಪಟ್ಟು ತಾವೇ ರದ್ದು ಒತ್ತಿದವರು ಕಳೆದುಕೊಂಡರು, ತಾಳಿಕೊಂಡವರು ಉಳಿಸಿಕೊಂಡರು.

ರೈಲಿನಲ್ಲೂ ಇದೇ ಪಾಠ. ತಾವಾಗಿ ರದ್ದು ಮಾಡಬೇಡಿ, ರೈಲು ರದ್ದಾದರೆ ಹಣ ತಾನಾಗಿ ಬರುತ್ತದೆ ಎಂದು ಐಆರ್‌ಸಿಟಿಸಿ ಮಾರ್ಚ್ 2020ರಲ್ಲೇ ಹೇಳಿತ್ತು. ಆನ್‌ಲೈನ್ ಟಿಕೆಟ್‌ಗಳಿಗೆ ಹಾಗೆಯೇ ಬಂತು. ಕೌಂಟರಿನಲ್ಲಿ ತೆಗೆದ ಟಿಕೆಟ್‌ಗಳಿಗೆ ರಿಫಂಡ್ ಕೇಳುವ ಅವಧಿಯನ್ನು ಮೂರು ದಿನದಿಂದ ಮೊದಲು ಮೂರು ತಿಂಗಳಿಗೆ, ಆಮೇಲೆ ಆರಕ್ಕೆ, ಕೊನೆಗೆ ಒಂಬತ್ತು ತಿಂಗಳಿಗೆ ಏರಿಸಲಾಯಿತು. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿಯೇ ಇರುವ ಊರಿನವರಿಗೂ ಈ ವಿಸ್ತರಣೆ ಬೇಕಾಗಿತ್ತು, ಏಕೆಂದರೆ ಕಂಟೇನ್‌ಮೆಂಟ್ ವಲಯದಲ್ಲಿದ್ದ ಓಣಿಯಿಂದ ನಿಲ್ದಾಣಕ್ಕೆ ಬರುವಂತೆಯೇ ಇರಲಿಲ್ಲ. ರೈಲಿನಲ್ಲಿ ವೋಚರ್‌ನ ಮಾತೇ ಇಲ್ಲ; ಹಣ ಬರುತ್ತದೆ, ಹೊಸ ಟಿಕೆಟ್ ಹೊಸದಾಗಿಯೇ ತೆಗೆಯಬೇಕು.

ಹೆಚ್ಚು ಗೋಜಲಾದದ್ದು ಏಜೆಂಟರ ಮೂಲಕ ಮಾಡಿದ ಬುಕಿಂಗ್‌ಗಳಲ್ಲಿ. ಹುಬ್ಬಳ್ಳಿಯ ಏಜೆಂಟರು ಬಹುತೇಕ ಸಣ್ಣ ಕಚೇರಿಯವರು. ಗಿರಾಕಿಯ ಹಣ ಅವರ ಬಳಿ ನಿಲ್ಲುವುದಿಲ್ಲ. ಮುಂಬೈ ಅಥವಾ ಬೆಂಗಳೂರಿನ ದೊಡ್ಡ ಏಜೆನ್ಸಿಗೆ, ಅಲ್ಲಿಂದ ಹಡಗು ಕಂಪನಿಗೆ ಹೋಗುತ್ತದೆ. ವಾಪಸ್ ಬರುವಾಗಲೂ ಅದೇ ಮೆಟ್ಟಿಲುಗಳನ್ನು ಇಳಿದು ಬರಬೇಕು, ನಡುವೆ ಯಾರಾದರೂ ತಡೆದರೆ ಕೆಳಗಿನವರಿಗೆ ಗೊತ್ತಾಗುವುದಿಲ್ಲ. ಗಿರಾಕಿಗೆ ಕಾಣುವ ಮುಖ ಮಾತ್ರ ಊರಿನ ಏಜೆಂಟನದೇ. ವರ್ಷಾನುಗಟ್ಟಲೆ ಒಂದೇ ಮನೆತನದ ಯಾತ್ರೆ, ಮದುವೆ ಪ್ರಯಾಣಗಳನ್ನು ನೋಡಿಕೊಂಡ ನಂಟುಗಳು ಈ ಒಂದು ವಿಷಯಕ್ಕೆ ಕೆಟ್ಟವು. ಹಾಗಾಗದಂತೆ ನೋಡಿಕೊಳ್ಳಲು ಒಂದೇ ಉಪಾಯವಿತ್ತು: ಬುಕಿಂಗ್ ಯಾರ ಹೆಸರಿನಲ್ಲಿದೆ, ಹಡಗು ಕಂಪನಿಯ ಬುಕಿಂಗ್ ಸಂಖ್ಯೆ ಏನು, ಕಂಪನಿ ಕಳಿಸಿದ ಕ್ರೆಡಿಟ್ ಪತ್ರದಲ್ಲಿ ಪ್ರಯಾಣಿಕನ ಹೆಸರಿದೆಯೋ ಏಜೆನ್ಸಿಯದೋ ಎಂಬುದನ್ನು ಬರಹದಲ್ಲಿ ಪಡೆಯುವುದು. ಏಜೆಂಟನ ಖಾತೆಗೆ ಹಣ ಬಂದೊಡನೆ ಅದನ್ನು ಪ್ರಯಾಣಿಕನಿಗೆ ದಾಟಿಸಬೇಕು ಎಂದು ಸುಪ್ರೀಂ ಕೋರ್ಟ್ ವಿಮಾನ ಟಿಕೆಟ್‌ಗಳ ಸಂದರ್ಭದಲ್ಲಿ ಹೇಳಿತ್ತು. ಹಡಗಿನ ಹಣಕ್ಕೂ ಅದೇ ನ್ಯಾಯ ಸಲ್ಲಬೇಕು ಎಂದು ವಾದಿಸುವುದು ಕಷ್ಟವಲ್ಲ.

ಯಾವ ತಾರೀಖಿಗೆ ಮತ್ತೆ ಬುಕ್ ಮಾಡುವುದು ಎಂಬ ಪ್ರಶ್ನೆಗೆ 2020ರಲ್ಲಿ ಯಾರೂ ಸರಿಯಾದ ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಮುಂದಿನ ಬೇಸಿಗೆ ಸೂಟಿಗೆ ಎಲ್ಲ ಸರಿಹೋಗಿರುತ್ತದೆ ಎಂದು ಏಪ್ರಿಲ್-ಮೇ 2021ಕ್ಕೆ ಸರಿಸಿಕೊಂಡವರಿಗೆ ಎರಡನೇ ಅಲೆ ಎದುರಾಯಿತು. ಕರ್ನಾಟಕದಲ್ಲಿ ಏಪ್ರಿಲ್ 27ರಿಂದ ನಿರ್ಬಂಧಗಳು, ಮೇ 10ರಿಂದ ಲಾಕ್‌ಡೌನ್. ಎರಡನೇ ಬಾರಿ ಮುಂದೂಡಿದ ಪ್ರಯಾಣಿಕರಲ್ಲಿ ಹಲವರು ಆ ವೇಳೆಗೆ ಮನೆಯವರನ್ನೇ ಕಳೆದುಕೊಂಡಿದ್ದರು. ಅರವತ್ತರ ಸಂಭ್ರಮಕ್ಕೆಂದು ತಂದೆಯ ಹೆಸರಿನಲ್ಲಿ ತೆಗೆದ ಕ್ಯಾಬಿನ್ನಿನ ವೋಚರ್ ಅವರ ಹೆಸರಿಗೇ ಸೀಮಿತವಾಗಿದ್ದರೆ ಏನು ಮಾಡುವುದು? ಇಂಥಲ್ಲಿ ತಾರೀಖು ಬದಲಾವಣೆ ಕೇಳುತ್ತ ಕೂರುವ ಬದಲು, ಮರಣ ಪ್ರಮಾಣಪತ್ರ ಲಗತ್ತಿಸಿ ವಾರಸುದಾರರ ಖಾತೆಗೆ ನಗದು ವಾಪಸ್ ಕೇಳುವುದೇ ಸರಿಯಾದ ಕ್ರಮ. ಆ ಹಣ ತೀರಿಹೋದವರ ಆಸ್ತಿಯ ಭಾಗ, ಕಂಪನಿಯ ಉಳಿಕೆಯಲ್ಲ.

ಭಾರತದ ಕರಾವಳಿಯಲ್ಲಿ ಹಡಗು ಮತ್ತೆ ಹೊರಟದ್ದು ಸೆಪ್ಟೆಂಬರ್ 18, 2021ರಂದು. ರಾಯಲ್ ಕೆರಿಬಿಯನ್‌ನಿಂದ ಕೊಂಡ ಹಳೆಯ ಹಡಗಿಗೆ ‘ಎಂಪ್ರೆಸ್’ ಎಂಬ ಹೆಸರಿಟ್ಟು ಕಾರ್ಡೇಲಿಯಾ ಕ್ರೂಸಸ್ ಸಂಸ್ಥೆ ಮುಂಬೈಯಿಂದ ಗೋವಾ, ದಿಯು, ಲಕ್ಷದ್ವೀಪ, ಕೊಚ್ಚಿಗಳಿಗೆ ಪ್ರವಾಸ ಆರಂಭಿಸಿತು; ಐಆರ್‌ಸಿಟಿಸಿ ಅದರ ಬುಕಿಂಗ್‌ಗೆ ಕೈಜೋಡಿಸಿತು. ವಿದೇಶ ಪ್ರವಾಸದ ವೋಚರ್ ಹಿಡಿದು ಕಾದಿದ್ದ ಹಲವರು ಹಣ ವಾಪಸ್ ಪಡೆದು ಈ ದೇಶೀ ಹಡಗಿನತ್ತ ತಿರುಗಿದ್ದು ಸಹಜವೇ. ಪಾಸ್‌ಪೋರ್ಟ್, ವೀಸಾಗಳ ಗೊಡವೆಯಿಲ್ಲ, ಡಾಲರಿನ ಚಿಂತೆಯಿಲ್ಲ. ಆದರೆ ಅಪಾಯ ತೀರಿರಲಿಲ್ಲ. ಜನವರಿ 2022ರ ಮೊದಲ ವಾರ, ಒಮಿಕ್ರಾನ್ ಹರಡುತ್ತಿದ್ದಾಗ, ಸುಮಾರು ಎರಡು ಸಾವಿರ ಮಂದಿಯಿದ್ದ ಈ ಹಡಗು ಗೋವಾ ಮುಟ್ಟಿದಾಗ ಪರೀಕ್ಷೆಯಲ್ಲಿ 66 ಮಂದಿಗೆ ಸೋಂಕು ಕಂಡುಬಂತು. ಹಡಗು ಮುಂಬೈಗೆ ಮರಳಿತು. ಮರುಬುಕಿಂಗ್ ಮಾಡುವಾಗ ಹಡಗು ಹೊರಡುವುದೇ ಎಂದು ಕೇಳಿದರೆ ಸಾಲದು, ಹೊರಟ ಹಡಗು ನಡುವೆ ತಿರುಗಿದರೆ ಏನು ಕೊಡುತ್ತೀರಿ ಎಂದೂ ಕೇಳಬೇಕೆಂಬುದು ಈ ಪ್ರಸಂಗದಿಂದ ಸ್ಪಷ್ಟವಾಯಿತು.

ವಿದೇಶದ ಹಡಗಿಗೆ ಕಾದವರ ಕಾಗದಪತ್ರಗಳೇ ಬೇರೆ ಕತೆ. ಭಾರತದಿಂದ ಮಾಮೂಲಿ ಅಂತರರಾಷ್ಟ್ರೀಯ ವಿಮಾನ ಸಂಚಾರ ಮತ್ತೆ ಆರಂಭವಾದದ್ದು ಮಾರ್ಚ್ 27, 2022ರಂದು. ಸಿಂಗಪುರ ಲಸಿಕೆ ಹಾಕಿಸಿಕೊಂಡವರಿಗೆ ಏಪ್ರಿಲ್ 2022ರಿಂದ ಬಾಗಿಲು ಅಗಲವಾಗಿ ತೆರೆಯಿತು. ಎರಡು ವರ್ಷದಲ್ಲಿ ಪಾಸ್‌ಪೋರ್ಟಿನ ಅವಧಿ ಸವೆದಿರುತ್ತದೆ. ಪ್ರಯಾಣದ ದಿನದಿಂದ ಇನ್ನೂ ಆರು ತಿಂಗಳು ಉಳಿದಿರಬೇಕೆಂಬುದು ಹಲವು ದೇಶಗಳ ನಿಯಮ. ಮಕ್ಕಳ ಪಾಸ್‌ಪೋರ್ಟ್ ಐದು ವರ್ಷಕ್ಕೇ ಮುಗಿಯುವುದರಿಂದ ಕುಟುಂಬದಲ್ಲಿ ಮೊದಲು ಸಿಕ್ಕಿಬೀಳುವುದು ಅವೇ. ನವೀಕರಣಕ್ಕೆ ಹುಬ್ಬಳ್ಳಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದ್ದದ್ದು ಅನುಕೂಲ. ಹಳೆಯ ವೀಸಾಕ್ಕೆ ಕಟ್ಟಿದ ಶುಲ್ಕ ಸಾಮಾನ್ಯವಾಗಿ ಹೋದದ್ದೇ. ಲಸಿಕೆಯ ಪ್ರಮಾಣಪತ್ರಕ್ಕೆ ಪಾಸ್‌ಪೋರ್ಟ್ ಸಂಖ್ಯೆ ಜೋಡಿಸುವ ಸೌಲಭ್ಯ ಕೋವಿನ್‌ನಲ್ಲಿ ಜೂನ್ 2021ರಲ್ಲಿ ಬಂತು. ಕೋವ್ಯಾಕ್ಸಿನ್ ಹಾಕಿಸಿಕೊಂಡವರು ಇನ್ನೂ ಕಾಯಬೇಕಾಯಿತು, ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ತುರ್ತು ಮಾನ್ಯತೆ ಸಿಕ್ಕಿದ್ದು ನವೆಂಬರ್ 3, 2021ರಂದು. ದೊಡ್ಡವರಿಗೆಲ್ಲ ಲಸಿಕೆ ಆಗಿದ್ದರೂ 15ರಿಂದ 18 ವರ್ಷದವರಿಗೆ ಅದು ಆರಂಭವಾದದ್ದು ಜನವರಿ 2022ರಲ್ಲಿ, 12ರಿಂದ 14ರವರಿಗೆ ಮಾರ್ಚ್‌ನಲ್ಲಿ. ಶಾಲೆಯ ಮಕ್ಕಳಿರುವ ಕುಟುಂಬ ಅದಕ್ಕೂ ಮೊದಲಿನ ತಾರೀಖಿಗೆ ಕ್ಯಾಬಿನ್ ಸರಿಸಿಕೊಂಡಿದ್ದರೆ ಮತ್ತೊಮ್ಮೆ ಸರಿಸಬೇಕಾದ ಸಾಧ್ಯತೆಯೇ ಹೆಚ್ಚಿತ್ತು.

ಖರ್ಚಿನ ಲೆಕ್ಕವೂ ಎರಡು ವರ್ಷದಲ್ಲಿ ಬದಲಾಗಿತ್ತು. ಫೆಬ್ರುವರಿ 2020ರಲ್ಲಿ ಡಾಲರಿಗೆ 71 ರೂಪಾಯಿ ಚಿಲ್ಲರೆ. ಅಕ್ಟೋಬರ್ 2022ರಲ್ಲಿ 82 ದಾಟಿತ್ತು. ಸಾವಿರ ಡಾಲರಿನ ಕ್ಯಾಬಿನ್ನಿಗೆ, ಡಾಲರ್ ದರ ಒಂದು ಸೆಂಟೂ ಏರದಿದ್ದರೂ, ಹನ್ನೊಂದು ಸಾವಿರ ರೂಪಾಯಿ ಹೆಚ್ಚು. ವೋಚರ್ ರೂಪಾಯಿಯಲ್ಲಿದ್ದರೆ ಈ ಹೊರೆ ಪ್ರಯಾಣಿಕನದು, ಡಾಲರಿನಲ್ಲಿದ್ದರೆ ಕಂಪನಿಯದು. ಬಹುತೇಕರು ಈ ಒಂದು ಸಾಲನ್ನು ಓದಿರಲಿಲ್ಲ. ಅಕ್ಟೋಬರ್ 1, 2020ರಿಂದ ವಿದೇಶ ಪ್ರವಾಸ ಪ್ಯಾಕೇಜಿನ ಹಣದ ಮೇಲೆ ಶೇ 5ರಷ್ಟು ತೆರಿಗೆಯನ್ನು ಮಾರಾಟಗಾರರೇ ಸಂಗ್ರಹಿಸುವ ನಿಯಮ ಜಾರಿಗೆ ಬಂತು. ಹೊಸದಾಗಿ ತುಂಬಿದ ಮೊತ್ತದ ಮೇಲೆ ಅದು ಬಿತ್ತು. ಆದಾಯ ತೆರಿಗೆ ವಿವರ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು, ವಾಪಸೂ ಪಡೆಯಬಹುದು. ಸಂಗ್ರಹಿಸಿದವರು ಪ್ರಯಾಣಿಕನ ಪ್ಯಾನ್ ಸಂಖ್ಯೆ ಸರಿಯಾಗಿ ನಮೂದಿಸಿರಬೇಕು ಅಷ್ಟೆ. ಇನ್ನು ರೈಲಿನಲ್ಲಿ ಹಿರಿಯ ನಾಗರಿಕರಿಗಿದ್ದ ರಿಯಾಯಿತಿ, ಗಂಡಸರಿಗೆ ಶೇ 40, ಹೆಂಗಸರಿಗೆ ಶೇ 50, ಮಾರ್ಚ್ 20, 2020ರಿಂದ ನಿಂತಿತು. ಹಳೆಯ ಟಿಕೆಟ್ಟಿನ ಹಣ ಪೂರ್ತಿ ಬಂದರೂ ಅಜ್ಜ-ಅಜ್ಜಿಯರಿಗೆ ಹೊಸ ಟಿಕೆಟ್ ತೆಗೆದಾಗ ಅದೇ ಬೋಗಿಗೆ ಹೆಚ್ಚು ಕಟ್ಟಬೇಕಾಯಿತು. ದೇಶೀ ವಿಮಾನಗಳಿಗೆ ಸರ್ಕಾರ ಹಾಕಿದ್ದ ಕನಿಷ್ಠ-ಗರಿಷ್ಠ ದರದ ಮಿತಿ ಆಗಸ್ಟ್ 2022ರ ಕೊನೆಯವರೆಗೆ ಇತ್ತು.

ಇಷ್ಟೆಲ್ಲ ತಿಳಿದ ಮೇಲೆ ಬುಕಿಂಗ್ ಯಾವ ಕ್ರಮದಲ್ಲಿ ಮಾಡಬೇಕೆಂಬುದು ತಾನಾಗಿ ಹೊಳೆಯುತ್ತದೆ. ತಾರೀಖು ನಿರ್ಧರಿಸುವುದು ಹಡಗು, ಆದ್ದರಿಂದ ಮೊದಲು ಹಡಗಿನವರಿಂದ ಹೊಸ ದಿನದ ಖಚಿತ ಪತ್ರ ಪಡೆಯಬೇಕು. ಆಮೇಲೆ ಪಾಸ್‌ಪೋರ್ಟ್, ವೀಸಾ. ಅದಾದ ಮೇಲೆ ವಿಮಾನ, ಅದರಲ್ಲೂ ತಾರೀಖು ಬದಲಿಸಲು ಬಿಡುವಂಥ ಟಿಕೆಟ್. ರೈಲು ಕೊನೆಗೆ, ಆಗ 120 ದಿನ ಮೊದಲಷ್ಟೇ ಕಾಯ್ದಿರಿಸಲು ಸಾಧ್ಯವಿದ್ದುದರಿಂದ ಎಂಟು ತಿಂಗಳಾಚೆಯ ಹಡಗಿಗೆ ಮೊದಲೇ ತೆಗೆಯುವಂತೆಯೂ ಇರಲಿಲ್ಲ. ಕ್ರೆಡಿಟ್ ಶೆಲ್ಲಿನ ಗಡುವು ಮುಗಿಯುತ್ತದೆಂದು ಹೆದರಿ ಮೊದಲು ವಿಮಾನ ಬುಕ್ ಮಾಡಿ, ಹಡಗಿನ ತಾರೀಖು ಹೊಂದದೆ ಮತ್ತೆ ಕಡಿತ ಕೊಟ್ಟವರುಂಟು. ಹಡಗು ಹೊರಡುವ ದಿನವೇ ಬಂದರು ಮುಟ್ಟುವಂತೆ ರೈಲು ಹಿಡಿಯುವುದೂ ಬೇಡ. ಹಡಗು ಕಾಯುವುದಿಲ್ಲ, ಮಳೆಗಾಲದಲ್ಲಿ ಕ್ಯಾಸಲ್‌ರಾಕ್-ಕುಲೆಂ ಘಾಟಿಯಲ್ಲಿ ಗುಡ್ಡ ಕುಸಿದು ರೈಲು ನಿಲ್ಲುವುದು ಹೊಸದಲ್ಲ. ಒಂದು ರಾತ್ರಿ ಮೊದಲೇ ತಲುಪುವ ಖರ್ಚು ವ್ಯರ್ಥವಲ್ಲ.

ವಿಮೆಯ ವಿಷಯ ಚಿಕ್ಕದು. ಹಳೆಯ ಪಾಲಿಸಿಗಳು ಸಾಮಾನ್ಯವಾಗಿ ಸಾಂಕ್ರಾಮಿಕ ಪಿಡುಗಿನಿಂದಾದ ರದ್ದತಿಯನ್ನು ಹೊರಗಿಡುತ್ತಿದ್ದವು. ಹೊಸ ಪಾಲಿಸಿ ಕೊಳ್ಳುವಾಗ ಸೋಂಕಿನ ಚಿಕಿತ್ಸೆ, ಕ್ವಾರಂಟೈನ್ ಖರ್ಚು, ಪ್ರಯಾಣ ರದ್ದತಿ ಈ ಮೂರನ್ನೂ ಬೇರೆ ಬೇರೆಯಾಗಿ ಕೇಳಬೇಕು, ಒಂದಿದ್ದರೆ ಇನ್ನೊಂದಿದೆ ಎಂದೇನೂ ಇಲ್ಲ.

ಹಣವೂ ಬರದೆ ತಾರೀಖೂ ಸಿಗದೆ ಉಳಿದವರಿಗೆ ಗ್ರಾಹಕ ಕಾನೂನು ಹತ್ತಿರದಲ್ಲೇ ಇತ್ತು. ಜುಲೈ 20, 2020ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮ ದೂರುದಾರನಿಗೆ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡುವ ಅವಕಾಶ ನೀಡಿತು. ಕಂಪನಿ ಮುಂಬೈಯದಾದರೂ ಹುಬ್ಬಳ್ಳಿಯವರು ಧಾರವಾಡದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗಬಹುದು. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಸೆಪ್ಟೆಂಬರ್ 2020ರಿಂದ ಇ-ದಾಖಿಲ್ ಜಾಲತಾಣದ ಮೂಲಕ ಮನೆಯಿಂದಲೇ ಸಲ್ಲಿಸುವ ವ್ಯವಸ್ಥೆಯೂ ಬಂತು. ದೂರಿಗೆ ಎರಡು ವರ್ಷದ ಕಾಲಮಿತಿ. ಆದರೆ ಮಾರ್ಚ್ 15, 2020ರಿಂದ ಫೆಬ್ರುವರಿ 28, 2022ರವರೆಗಿನ ಅವಧಿಯನ್ನು ಕಾಲಮಿತಿಯಿಂದ ಹೊರಗಿಡುವಂತೆ ಸುಪ್ರೀಂ ಕೋರ್ಟ್ ಆದೇಶಿಸಿತು. ಹೀಗಾಗಿ ಮೇ 2020ರಲ್ಲಿ ಹಣ ನಿರಾಕರಿಸಲ್ಪಟ್ಟವರ ಎರಡು ವರ್ಷದ ಎಣಿಕೆ ಆರಂಭವಾದದ್ದು ಮಾರ್ಚ್ 1, 2022ರಂದು, ಮುಗಿದದ್ದು ಫೆಬ್ರುವರಿ 2024ರ ಕೊನೆಗೆ. ಕಾಲ ಮೀರಿತೆಂದು ತಾವೇ ಭಾವಿಸಿ ಕೈಬಿಟ್ಟ ಪ್ರಯಾಣಿಕರಿಗೆ ಈ ಲೆಕ್ಕವನ್ನು ಯಾರಾದರೂ ಆಗ ಬಿಡಿಸಿ ಹೇಳಬೇಕಿತ್ತು.

ಒಬ್ಬೊಬ್ಬರಾಗಿ ದೂರು ಕೊಡಲಾಗದವರ ಪರವಾಗಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೂ ಕೆಲಸ ಮಾಡಿತು. ಲಾಕ್‌ಡೌನ್‌ನಿಂದ ರದ್ದಾದ ಟಿಕೆಟ್‌ಗಳ ಹಣ ಹಿಂದಿರುಗಿಸದ ಆನ್‌ಲೈನ್ ಪ್ರವಾಸ ಸಂಸ್ಥೆಗಳನ್ನು ಅದು ವರ್ಷಗಟ್ಟಲೆ ಬೆನ್ನುಹತ್ತಿತು. ಅವುಗಳಲ್ಲೊಂದಾದ ಯಾತ್ರಾ ಸಂಸ್ಥೆಯಲ್ಲಿ 2021ರಲ್ಲಿ 26.25 ಕೋಟಿ ರೂಪಾಯಿ ಬಾಕಿಯಿತ್ತು, ಜೂನ್ 2024ರ ಹೊತ್ತಿಗೆ ಅದು 2.52 ಕೋಟಿಗೆ ಇಳಿದಿತ್ತು. ಉಳಿದ ಗ್ರಾಹಕರಿಗೆ ಫೋನ್ ಮಾಡಿ ತಿಳಿಸಲೆಂದೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ಪ್ರತ್ಯೇಕ ಸಿಬ್ಬಂದಿಯನ್ನು ಕೂರಿಸುವಂತೆ ಜೂನ್ 27, 2024ರಂದು ಪ್ರಾಧಿಕಾರ ಆ ಸಂಸ್ಥೆಗೆ ಆದೇಶಿಸಿತು. ಆ ಸಹಾಯವಾಣಿಯ ಸಂಖ್ಯೆ 1915. ಕನ್ನಡದಲ್ಲೂ ದೂರು ಹೇಳಬಹುದು.